ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಹಿಟ್ಟು ಮಾತ್ರ ನಿಮ್ಮದಿರಲಿ

ಒಂಬತ್ತು ವರ್ಷದ ಮಗಳಿಗೆ ಸೀಲಿಯಾಕ್ (ಗೋಧಿ ತಿಂದರೆ ಕರುಳಿಗೆ ಪೆಟ್ಟು ಬೀಳೋ ಕಾಯಿಲೆ) ಅಂತ ಈಗಷ್ಟೇ ಗೊತ್ತಾಗಿದೆ, ಸೇಡಂ ಕಡೆ ಅಣ್ಣನ ಹೊಲಕ್ಕೆ ಎಳ್ಳ ಅಮಾವಾಸ್ಯೆಗೆ ಕರೆದಿದ್ದಾರೆ, ಪಕ್ಕದಲ್ಲೇ ಗೋಧಿ ಬೆಳೆ ಇದೆ, ಹೋಗಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ನನಗೂ ಇದೇ ಕಾಯಿಲೆ. ಇರೋದು ಕಲಬುರಗಿಯಲ್ಲೇ. ಹೊಲದೂಟ ಒಂದು ವರ್ಷವೂ ಬಿಟ್ಟಿಲ್ಲ.

ಗೋಧಿ ಹೊಲದಲ್ಲಿ ಓಡಾಡಿದರೆ, ತೆನೆ ಮುಟ್ಟಿದರೆ ಏನೂ ಆಗಲ್ಲ. ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದರೆ ತೊಂದರೆ. ಹೊಲದ ತುಂಬ ನೈವೇದ್ಯ ಎರಚೋ ಚರಗ ಚೆಲ್ಲೋದಕ್ಕೂ ಮಗಳನ್ನು ಬಿಡಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಸ್ಯಾನಿಟೈಸರ್ ಹಚ್ಚಿದರೆ ಗ್ಲುಟೆನ್ ಹೋಗಲ್ಲ.

ಊಟದಲ್ಲಿ ನಮ್ಮ ಕಡೆಯವರ ಪುಣ್ಯ ದೊಡ್ಡದು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಭಜ್ಜಿ (ಕಾಳು, ಸೊಪ್ಪು, ತರಕಾರಿಗೆ ಕಡ್ಲೆ ಹಿಟ್ಟು ಹಾಕಿ ಮಾಡೋ ಪಲ್ಯ), ಅಂಬಲಿ, ಶೇಂಗಾ ಹಿಂಡಿ, ಯಾವುದರಲ್ಲೂ ಗೋಧಿ ಇಲ್ಲ. ಹೋಳಿಗೆ, ಗೋಧಿ ಹುಗ್ಗಿ, ಮಾದಲಿ ಬೇಡವೇ ಬೇಡ. ಶೇಂಗಾ ಹೋಳಿಗೆ ಅಂದರೂ ಮೇಲಿನ ಕಣಕ ಗೋಧಿದೋ ಮೈದಾದೋ ಇರುತ್ತೆ.

ನಾನು ಮೋಸ ಹೋಗಿದ್ದು ರೊಟ್ಟಿಯಲ್ಲಿ. ಮೊದಲ ವರ್ಷ ಜೋಳ ಅಲ್ವಾ ಅಂತ ನಂಬಿ ನಾಲ್ಕು ತಿಂದೆ. ರಾತ್ರಿಯಿಂದ ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದೆ. ಆಮೇಲೆ ವಿಚಾರಿಸಿದರೆ, ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ನಮ್ಮ ಜೋಳ ಹಾಕಿದ್ದರು. ಬೆಳಿಗ್ಗೆ ಮೊದಲ ಪಾಳಿಗೆ ಹೋದರೂ ಪ್ರಯೋಜನ ಇಲ್ಲ, ನಿನ್ನೆಯ ಗೋಧಿ ಹಿಟ್ಟು ಕಲ್ಲಿನ ಸಂದಿಯಲ್ಲಿ ಕೂತಿರುತ್ತೆ. ಗ್ಲುಟೆನ್ ಇಲ್ಲ ಅಂತ ಪ್ಯಾಕೆಟ್ ಮೇಲೆ ಬರೆಯೋಕೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ದಾಟುವಂತಿಲ್ಲ. ಒಂದು ಚಿಟಿಕೆ ಗೋಧಿ ಹಿಟ್ಟಿನಲ್ಲೇ ಅದಕ್ಕಿಂತ ಜಾಸ್ತಿ ಇರುತ್ತೆ.

ಈಗ ಜೋಳ ತಂದು, ಅದರಲ್ಲಿ ಸೇರಿರೋ ಗೋಧಿ ಕಾಳು ಆರಿಸಿ, ತೊಳೆದು ಒಣಗಿಸಿ ಮನೆ ಮಿಕ್ಸಿಯಲ್ಲೇ ಬೀಸುತ್ತೇನೆ. ಹಿಟ್ಟು ಸ್ವಲ್ಪ ತರಿ, ರೊಟ್ಟಿ ಅಂಚು ಸೀಳುತ್ತೆ. ಪರವಾಗಿಲ್ಲ. ಹಂಚೂ ಬೇರೆ ಇಟ್ಟಿದ್ದೇನೆ. ಮಗಳ ಬುತ್ತಿಯನ್ನು ಹೀಗೇ ಮನೆಯಿಂದ ಕಟ್ಟಿಕೊಳ್ಳಿ. ಬೇರೆಯವರ ಮನೆ ರೊಟ್ಟಿ ಬೇಡ, ಲಟ್ಟಣಿಗೆಯಲ್ಲಿ ಲಟ್ಟಿಸೋರು ಒಡೆಯಬಾರದು ಅಂತ ಗೋಧಿ ಹಿಟ್ಟು ಬೆರೆಸೋದೂ ಉಂಟು.

ಭಜ್ಜಿ ಬಗ್ಗೆ ಅತ್ತಿಗೆಗೆ ಮೊದಲೇ ಫೋನ್ ಮಾಡಿ. ಕಡ್ಲೆ ಹಿಟ್ಟು ಎಲ್ಲಿ ಬೀಸಿದ್ದು, ಇಂಗು ಹಾಕುತ್ತಾರಾ ಕೇಳಿ. ಡಬ್ಬಿ ಇಂಗಿನಲ್ಲಿ ಗೋಧಿ ಹಿಟ್ಟೋ ಮೈದಾನೋ ಇರೋದು ಜಾಸ್ತಿ. ನಾನಂತೂ ಕಡ್ಲೆ ಹಿಟ್ಟು ನಾನೇ ಕೊಟ್ಟು ಕಳಿಸುತ್ತೇನೆ, ಯಾರೂ ಬೇಜಾರು ಮಾಡಿಕೊಂಡಿಲ್ಲ. ಹೊಲದಲ್ಲಿ ಎಲ್ಲರಿಗಿಂತ ಮೊದಲು ಮಗಳಿಗೆ ಬಡಿಸಿ. ಆಮೇಲೆ ಹುಗ್ಗಿಯ ಸೌಟು ಭಜ್ಜಿಗೂ ಬರುತ್ತೆ, ಹೋಳಿಗೆ ಮುರಿದ ಕೈ ಹಿಂಡಿಗೂ ಬರುತ್ತೆ.

ಕಷ್ಟ ಇರೋದು ಹಿರಿಯರ ಪ್ರೀತಿಯಲ್ಲಿ. "ಒಂದು ತುತ್ತಿಗೆ ಏನಾಗ್ತದ, ತಿನ್ನವ್ವಾ" ಅಂತ ಬಾಯಿಗೇ ಹಿಡೀತಾರೆ. ಹೊಟ್ಟೆ ನೋಯದಿದ್ದರೂ ಒಳಗೆ ಕರುಳಿಗೆ ಪೆಟ್ಟು ಬೀಳುತ್ತೆ ಅಂತ ಹಿಂದಿನ ದಿನವೇ ಹೇಳಿಬಿಡಿ. ಮಗಳಿಗೂ "ನನ್ನ ಬುತ್ತಿ ಐತಿ" ಅನ್ನೋದು ಕಲಿಸಿ.

ಸುಲಗಾಯಿ, ಕುದಿಸಿದ ತೊಗರಿಕಾಯಿ ಹೊಟ್ಟೆ ತುಂಬ ತಿನ್ನಲಿ. ಮುಂದೆ ಹಸಿ ಜೋಳದ ತೆನೆ ಸುಟ್ಟು ತಿನ್ನೋ ಸೀತನಿಗೆ ಕರೆದರೆ ಅದಕ್ಕೂ ಹೋಗಿ. ಹಸಿ ಗೋಧಿ ತೆನೆಯನ್ನೂ ಅದೇ ಬೆಂಕಿಗೆ ಹಾಕುತ್ತಾರೆ, ಅದಕ್ಕಿಂತ ಮೊದಲು ಇವಳ ಜೋಳದ ತೆನೆ ಸುಟ್ಟು ತೆಗೆಸಿ. ಜೊತೆಗೆ ಕೊಡೋ ಅಂಗಡಿ ಸೇವು ಬೇಡ, ಬೆಲ್ಲ ಸಾಕು.