ಸರ್ವೆ ವರದಿಯಲ್ಲಿ ಊರ ಹೆಸರಿದೆ, ಹೊಲದಲ್ಲಿ ಬಂಗಾರ ಇದೆಯಾ?

ಓದುಗರ ಪ್ರಶ್ನೆಗಳಲ್ಲಿ ಬಂಗಾರದ ಪ್ರಶ್ನೆ ಪ್ರತಿ ಸಲ ಇದ್ದೇ ಇರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ.

ನಮ್ಮ ಹೊಲ ಕಪ್ಪತಗುಡ್ಡದ ಬುಡಕ್ಕ ಐತ್ರಿ. ಒಬ್ರು ಸರ್ವೆ ವರದಿಯ ಝೆರಾಕ್ಸ್ ತಂದು, ಇದ್ರಾಗ ನಿಮ್ಮೂರ ಹೆಸರೈತಿ, ಬಂಗಾರ 50 ಅಂತ ಬಂದೈತಿ, ಖರ್ಚು ಕೊಟ್ರ ಲೈಸೆನ್ಸ್ ಮಾಡಿಸಿ ಕೊಡ್ತೀನಿ ಅಂತಾರ. ನಂಬಬಹುದೇನ್ರಿ? (ಗದಗ ತಾಲೂಕಿನ ರೈತರು)

ನಂಬಬೇಡಿ. ಒಂದು ರೂಪಾಯಿನೂ ಕೊಡಬೇಡಿ. ವರದಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿಜವಾದ ವರದಿಯೇ ಇರಬಹುದು, ಆದರೆ ಅದನ್ನು ನಿಮಗೆ ಓದಿ ಹೇಳಿದ ರೀತಿ ಪೂರಾ ಮೋಸ.

ಆ ಭಾಗದಲ್ಲಿ ಬಂಗಾರ ಇರುವುದು ಸುಳ್ಳಲ್ಲ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು 1874ರಲ್ಲೇ ಡಂಬಳ ಗುಡ್ಡಗಳ ಬಂಗಾರದ ಕಲ್ಲುಗಳ ಬಗ್ಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ರಕಟಣೆಯಲ್ಲಿ ಬರೆದರು. ಜಲಗಾರರು ಸೊರಟೂರಿನ ಹಳ್ಳದ ಮರಳು ತೊಳೆದು ಬಂಗಾರದ ಪುಡಿ ತೆಗೆಯುತ್ತಿದ್ದ ಕಾಲ ಅದು. 1900ರ ಆಸುಪಾಸಿನಲ್ಲಿ ಕಂಪನಿಗಳು ಬಂದು ಹೊಸೂರು, ಕಬಲಾಯತಕಟ್ಟಿ ಕಡೆ ಗಣಿ ತೋಡಿದವು, ಹೆಚ್ಚು ವರ್ಷ ನಡೆಸಲಾಗದೆ ಬಾಗಿಲು ಹಾಕಿಕೊಂಡು ಹೋದವು. ಬಂಡವಾಳ, ಯಂತ್ರ, ಗಣಿ ಗೊತ್ತಿರುವ ಜನ ಎಲ್ಲ ಇದ್ದವರಿಗೇ ಗಿಟ್ಟಲಿಲ್ಲ ಅನ್ನೋದನ್ನ ಆ ಏಜೆಂಟ್ ನಿಮಗೆ ಹೇಳಿದ್ದಾನಾ?

ಈಗ ಆ 50ರ ವಿಷಯ. ಝೆರಾಕ್ಸ್ ಮತ್ತೆ ಕೈಗೆ ತಗೊಳ್ಳಿ. ಅಂಕಿಗಳ ಪಟ್ಟಿಯ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಪಿಪಿಬಿ ಅಂತಲೋ ಪಿಪಿಎಂ ಅಂತಲೋ ಇರುತ್ತದೆ, ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು ತೋರಿಸುವವರೂ ಇದ್ದಾರೆ. ಒಂದು ಪಿಪಿಎಂ ಅಂದರೆ ಒಂದು ಟನ್ ಕಲ್ಲಿನಲ್ಲಿ ಒಂದು ಗ್ರಾಂ. ಪಿಪಿಬಿ ಅದರ ಸಾವಿರದ ಒಂದು ಪಾಲು. ಹಳ್ಳದ ಮಣ್ಣು, ಹೊಲದ ಮಣ್ಣಿನ ಪರೀಕ್ಷೆಯಲ್ಲಿ ಬಂಗಾರವನ್ನು ಸಾಮಾನ್ಯವಾಗಿ ಪಿಪಿಬಿಯಲ್ಲೇ ಬರೆಯುತ್ತಾರೆ. ಹಾಗಾಗಿ ನಿಮ್ಮ 50 ಪಿಪಿಬಿ ಆಗಿದ್ದರೆ, ಇಡೀ ಒಂದು ಟನ್ ಮಣ್ಣಿನಲ್ಲಿ ಇರೋದು 0.05 ಗ್ರಾಂ. ಅದನ್ನು ಬೇರ್ಪಡಿಸುವ ಖರ್ಚಿಗೆ ನೀವು ಹೊಲ ಮಾರಬೇಕಾಗುತ್ತದೆ.

ಇನ್ನೂ ಒಂದಿದೆ. ಆ ಅಂಕಿ ನಿಮ್ಮ ಹೊಲದ್ದೇ ಅಲ್ಲ. ಸರ್ವೇಕ್ಷಣೆಯವರು ದೇಶಾದ್ಯಂತ ಮಾಡುತ್ತಿರುವ ಭೂರಾಸಾಯನಿಕ ನಕ್ಷೆಯಲ್ಲಿ, ಅಂದರೆ ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆ ಅಂತ ತೋರಿಸುವ ನಕ್ಷೆಯಲ್ಲಿ, ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಒಂದೊಂದು ಚೌಕಕ್ಕೆ ಒಂದು ಅಂಕಿ. ಅಂದರೆ ಸಾವಿರ ಎಕರೆಗೆ ಹತ್ತಿರ. ಮಾದರಿಯೂ ಬಹಳ ಸಲ ಹಳ್ಳದ ತಳದ ಮಣ್ಣು, ಅದು ಮೇಲಿನಿಂದ ಹರಿದು ಬಂದಿದ್ದು. ಅದು ಹೇಳೋದು ಇಷ್ಟೇ: ಈ ಕಡೆ ಇನ್ನೊಮ್ಮೆ ಬಂದು ನೋಡಬೇಕು. ಇದು ನಮಗೆ, ಭೂವಿಜ್ಞಾನಿಗಳಿಗೆ, ಬರೆದುಕೊಂಡ ಮಾತು. ನಕ್ಷೆಯದ್ದೂ ಅಷ್ಟೇ. 1:50,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ನಿಮ್ಮ ಒಂದು ಎಕರೆ ಅದರ ಮೇಲೆ ಸಾಸಿವೆ ಕಾಳಿನಷ್ಟೂ ದೊಡ್ಡದಿರೋದಿಲ್ಲ. ಅದರಲ್ಲಿ ಸರ್ವೆ ನಂಬರ್ ಹುಡುಕಿ ಕೊಡ್ತೀನಿ ಅನ್ನುವವನು ಒಂದೋ ಏನೂ ತಿಳಿಯದವನು, ಇಲ್ಲಾ ಕಳ್ಳ.

ಲೈಸೆನ್ಸ್ ಮಾತಂತೂ ಶುದ್ಧ ಸುಳ್ಳು. ಬಂಗಾರದ ಗಣಿ 1957ರ ಗಣಿ ಮತ್ತು ಖನಿಜ ಕಾಯ್ದೆಯ ಕೆಳಗೆ ಬರುತ್ತದೆ. 2015ರ ತಿದ್ದುಪಡಿ ಆದಮೇಲೆ ಗುತ್ತಿಗೆ ಸಿಗೋದು ಹರಾಜಿನಲ್ಲಿ. ಏಜೆಂಟ್ ಕೈಯಲ್ಲಿ ಖರ್ಚು ಕೊಟ್ಟು ಮಾಡಿಸಿಕೊಳ್ಳುವ ಕಾಗದ ಅದಲ್ಲ. ಮೇಲಾಗಿ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಗುಡ್ಡದೊಳಗೆ ಗುದ್ದಲಿ ಹಿಡಿದು ಹೋದರೆ ಅರಣ್ಯ ಇಲಾಖೆಯ ಕೇಸು ನಿಮ್ಮ ಮೇಲೆ ಬೀಳುತ್ತದೆ, ಏಜೆಂಟ್ ಮೇಲಲ್ಲ.

ಕಲ್ಲಿನ ಫೋಟೋ ಕಳಿಸುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಫೋಟೋ ನೋಡಿ ನಾನು ಬಂಗಾರ ಹೇಳೋದಿಲ್ಲ, ಯಾರೂ ಹೇಳಬಾರದು. ಪದರ ಪದರ ಕಿತ್ತು ಬಂದರೆ ಅದು ಕಾಗೆ ಬಂಗಾರ, ಅಭ್ರಕ. ಹಿತ್ತಾಳೆ ಬಣ್ಣದ ಚೌಕಗಳಿದ್ದರೆ ಪೈರೈಟ್, ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುತ್ತದೆ. ಬಂಗಾರ ಪುಡಿಯಾಗೋದಿಲ್ಲ, ಚಪ್ಪಟೆಯಾಗುತ್ತದೆ. ಆದರೆ ದಯವಿಟ್ಟು ಕಲ್ಲನ್ನು ಒಲೆಗೆ ಹಾಕಿ ಕಾಯಿಸಬೇಡಿ. ಗದಗ ಭಾಗದ ಬೆಣಚುಕಲ್ಲಿನ ಎಳೆಗಳಲ್ಲಿ ಬಂಗಾರದ ಜೊತೆ ಆರ್ಸೆನೋಪೈರೈಟ್ ಇರುತ್ತದೆ, ಕಾಯಿಸಿದರೆ ಬರೋದು ಆರ್ಸೆನಿಕ್ ಹೊಗೆ, ವಿಷ. ಬೆಳ್ಳುಳ್ಳಿಯಂಥ ವಾಸನೆ ಬಂತು ಅಂದರೆ ಮಕ್ಕಳನ್ನು ಕರಕೊಂಡು ಮೊದಲು ಹೊರಗೆ ಹೋಗಿ. ಹಳೇ ಗಣಿಯ ಬಾವಿಗಳಿಗೂ ಇಳಿಯಬೇಡಿ. ಒಳಗೆ ಗಾಳಿ ಹೇಗಿದೆ, ಕಲ್ಲು ಎಷ್ಟು ಸಡಿಲ ಇದೆ, ಮೇಲಿಂದ ತಿಳಿಯೋದಿಲ್ಲ.

ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಕಡೆ ಬೋರ್ ಹಾಕಿಸಬಹುದಾ? (ಶಿಗ್ಗಾಂವಿ)

ಬೇಡ. ಇದಕ್ಕೆ ಇನ್ನು ಮುಂದೆ ಉತ್ತರ ಬರೆಯೋದಿಲ್ಲ.

ಮೈಸೂರು ಭೂವಿಜ್ಞಾನ ಇಲಾಖೆಯ ಹಳೇ ಬುಲೆಟಿನ್‌ಗಳಲ್ಲಿ ಧಾರವಾಡ, ಹಾವೇರಿ ಯಾಕೆ ಸಿಗೋದಿಲ್ಲ? (ಎಂಎಸ್‌ಸಿ ವಿದ್ಯಾರ್ಥಿನಿ, ಧಾರವಾಡ)

ಒಳ್ಳೆಯ ಪ್ರಶ್ನೆ, ಇಂಥವು ಬಂದರೆ ಖುಷಿ. ಆ ಇಲಾಖೆ 1894ರಲ್ಲಿ ಶುರುವಾಯಿತು, ಮೊದಲ ಮುಖ್ಯಸ್ಥರು ಇದೇ ಫೂಟ್ ಸಾಹೇಬರು. ಆದರೆ ಅದರ ಕೆಲಸ ಮೈಸೂರು ಸಂಸ್ಥಾನದ ಗಡಿಗೆ ನಿಲ್ಲುತ್ತಿತ್ತು. ನಮ್ಮ ಕಡೆ 1956ರವರೆಗೆ ಮುಂಬಯಿಗೆ ಸೇರಿತ್ತು ಅಲ್ವಾ? ಹಾಗಾಗಿ ನೀವು ನೋಡಬೇಕಾದ್ದು ಕೇಂದ್ರ ಸರ್ವೇಕ್ಷಣೆಯ ಪ್ರಕಟಣೆ. ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ (ನಮ್ಮ ಕಡೆಯೂ ಆಗ ಅದರೊಳಗೇ) ಬಗ್ಗೆ ಬರೆದದ್ದು ಆ ಸರ್ವೇಕ್ಷಣೆಯ ಮೆಮಾಯಿರ್ಸ್‌ನ 12ನೇ ಸಂಪುಟದಲ್ಲಿದೆ, ಅಲ್ಲಿಂದ ಶುರು ಮಾಡಿ. ಹುಡುಕುವಾಗ ಗದಗ ಜಿಲ್ಲೆ, ಹಾವೇರಿ ಜಿಲ್ಲೆ ಅಂತ ಹುಡುಕಿದರೆ ಹಳೆಯದೇನೂ ಸಿಗೋದಿಲ್ಲ. ಎರಡೂ 1997ರವರೆಗೆ ಧಾರವಾಡ ಜಿಲ್ಲೆಯೊಳಗೇ ಇದ್ದವು. ಇಂಗ್ಲಿಷಿನಲ್ಲಿ ಹಳೇ ಕಾಗುಣಿತ 'ಧಾರವಾರ್' ಅಂತ ಹಾಕಿ ನೋಡಿ.

ಹೊಲದಲ್ಲಿ ದುಂಡನೆ ಕಲ್ಲು ಸಿಕ್ಕಿದೆ, ಡೈನೋಸಾರ್ ಮೊಟ್ಟೆನಾ?

ಅಲ್ಲ. ಇಲ್ಲಿನ ಕಲ್ಲುಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಆಗ ಎಲುಬಿರುವ ಪ್ರಾಣಿಯೇ ಭೂಮಿ ಮೇಲೆ ಇರಲಿಲ್ಲ.

ಜಗತ್ತಿನಲ್ಲೇ ಹಳೇ ಕಲ್ಲು ಧಾರವಾಡದ್ದಂತೆ, ನಿಜವೇ?

ಅಲ್ಲ. ಹಾಸನದ ಗೊರೂರು ಕಡೆಯ ಕಲ್ಲುಗಳೇ ಇದಕ್ಕಿಂತ ಹಳೆಯವು, ಕೆನಡಾದಲ್ಲಿ 400 ಕೋಟಿ ವರ್ಷದ್ದು ಇದೆ.

ನಮ್ಮೂರಿನ ಭೂವೈಜ್ಞಾನಿಕ ನಕ್ಷೆ ಎಲ್ಲಿ ಸಿಗುತ್ತದೆ? ಎಷ್ಟು ದುಡ್ಡು? (ಹುಬ್ಬಳ್ಳಿ)

ದುಡ್ಡು ಬೇಡ. ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಊರ ಹೆಸರು ಹಾಕಿ ಸಿಗದಿದ್ದರೆ ಹಾಳೆಯ ಸಂಖ್ಯೆ ಹಾಕಿ: ಹುಬ್ಬಳ್ಳಿಗೆ 48ಎಂ/3, ಗದಗಿಗೆ 48ಎಂ/11. ಅದೇ ನಕ್ಷೆಯ ಪ್ರಿಂಟ್ ಸಾವಿರಾರು ರೂಪಾಯಿಗೆ ಮಾರುವವರ ಹತ್ತಿರ ಹೋಗಬೇಡಿ.