ಮೈಸೂರಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ ರಿಪೇರಿ ಮಾಡಿಸ್ಬೇಕು, ನಂಬಿಕಸ್ಥ ಕಂಟ್ರಾಕ್ಟರ್ ಎಲ್ಲಿ ಸಿಗ್ತಾರೆ?

ನೀವು ಬರೆದಿರೋದು ನೋಡಿದ್ರೆ ಕುವೆಂಪುನಗರದಲ್ಲಿ 1990ರ ಆಸುಪಾಸಿನ ಮನೆ, ಮೇಲಿನ ಬಾತ್‌ರೂಮಿಂದ ಕೆಳಗಿನ ಹಾಲ್‌ಗೆ ನೀರು ಇಳೀತಿದೆ, ವೈರಿಂಗ್ ಹಳೇದು, ಅಡುಗೆಮನೆ ಟೈಲ್ಸ್ ಬದಲಾಯಿಸ್ಬೇಕು, ನೀವಿರೋದು ಹೈದರಾಬಾದಲ್ಲಿ, ಅಲ್ಲಿ ಅಪ್ಪ ಅಮ್ಮ ಇಬ್ರೇ. ನಾನು ಮೈಸೂರವನೇ, ನಮ್ಮನೇದೂ ಇದೇ ವಯಸ್ಸಿನ ಮನೆ, ತಂಗಿ ಮನೆ ಕೆಲಸಾನೂ ನಿಂತು ಮಾಡಿಸಿದ್ದೀನಿ, ಅದಕ್ಕೆ ಹೇಳ್ತಿದ್ದೀನಿ.

ಮೊದಲು ಕಂಟ್ರಾಕ್ಟರ್‌ನ ಹುಡುಕೋದು ಬಿಡಿ. ನಮ್ಮೂರಲ್ಲಿ ಕಂಟ್ರಾಕ್ಟರ್ ಅಂದ್ರೆ 15 ಚದರ 20 ಚದರದ ಹೊಸ ಮನೆ ಕಟ್ಟೋರು. ಅವರಿಗೆ ಒಂದು ಬಾತ್‌ರೂಮ್ ಒಡೆಯೋ ಕೆಲಸದಲ್ಲಿ ಏನೂ ಗಿಟ್ಟಲ್ಲ, ಪರಿಚಯದೋರು ಹೇಳಿದ್ರು ಅಂತ ಒಪ್ಕೋತಾರೆ, ಆಮೇಲೆ ತಮ್ಮ ಮೇಸ್ತ್ರಿಗೆ ಹೇಳ್ತಾರೆ, ಆ ಮೇಸ್ತ್ರಿ ಇನ್ಯಾರೋ ಇಬ್ಬರು ಹುಡುಗರನ್ನ ಕಳಿಸ್ತಾನೆ, ದುಡ್ಡು ಮಾತ್ರ ಮೂರು ಕೈ ದಾಟಿ ಹೋಗುತ್ತೆ. ನಿಮಗೆ ಬೇಕಿರೋದು ತಾನೇ ಕರಣೆ ಹಿಡಿಯೋ ಒಬ್ಬ ಗಾರೆ ಮೇಸ್ತ್ರಿ, ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್. ಟೈಲ್ಸ್ ಹಾಕೋರನ್ನ ಮೇಸ್ತ್ರೀನೇ ಕರ್ಕೊಂಡು ಬರ್ತಾನೆ, ಈಗಂತೂ ಅವರಲ್ಲಿ ಬಹಳಷ್ಟು ಜನ ಉತ್ತರ ಭಾರತದ ಹುಡುಗರು, ಕೆಲಸ ಚೆನ್ನಾಗೇ ಮಾಡ್ತಾರೆ.

ಇವರು ಸಿಗೋದೆಲ್ಲಿ ಅಂದ್ರೆ, ಆನ್‌ಲೈನ್ ಲಿಸ್ಟಿಂಗಲ್ಲಿ ಅಲ್ಲ. ಅಲ್ಲಿ ಒಂದ್ಸಲ ನಂಬರ್ ಕೊಟ್ರೆ ಯಾರ್ಯಾರೋ ಫೋನ್ ಮಾಡ್ತಾರೆ, ಕರಣೆ ಹಿಡಿಯೋರು ಮಾತ್ರ ಮಾಡಲ್ಲ. ಟೈಲ್ಸ್ ಶೋರೂಮಲ್ಲಿ ಕೇಳಿದ್ರೂ ಹೆಸರು ಕೊಡ್ತಾರೆ, ಆದ್ರೆ ಅಲ್ಲಿ ಕಮಿಷನ್ ಲೆಕ್ಕ ಇರೋ ಸಾಧ್ಯತೆ ಜಾಸ್ತಿ. ನಿಮ್ಮ ಏರಿಯಾದ ಸಣ್ಣ ಹಾರ್ಡ್‌ವೇರ್ ಅಂಗಡಿಗೆ ಅಪ್ಪಾಜೀನ ಬೆಳಗ್ಗೆ ಎಂಟೂವರೆ ಒಂಬತ್ತಕ್ಕೆ ಕಳಿಸಿ. ಆ ಹೊತ್ತಿಗೆ ಮೇಸ್ತ್ರಿಗಳು ಪ್ಲಂಬರ್‌ಗಳು ಅವತ್ತಿನ ಸಾಮಾನು ತಗೊಳ್ಳೋಕೆ ಬಂದಿರ್ತಾರೆ. ಅಂಗಡಿಯೋರನ್ನ "ಯಾರು ಚೆನ್ನಾಗಿ ಮಾಡ್ತಾರೆ" ಅಂತ ಕೇಳಿದ್ರೆ ಯಾರದೋ ಹೆಸರು ಹೇಳಿ ಕಳಿಸ್ತಾರೆ. "ಸಾಲದ ಬಾಕಿ ಸರಿಯಾಗಿ ಯಾರು ತೀರಿಸ್ತಾರೆ, ಮಿಕ್ಕಿದ ಸಾಮಾನು ಯಾರು ವಾಪಸ್ ತಂದುಕೊಡ್ತಾರೆ" ಅಂತ ಕೇಳ್ಲಿ, ಉತ್ತರ ಬೇರೇನೇ ಬರುತ್ತೆ.

ಇನ್ನೊಂದು ದಾರಿ ನನಗೆ ಇದಕ್ಕಿಂತ ಇಷ್ಟ. ಗಾರೆಯವನ ಬಗ್ಗೆ ಪ್ಲಂಬರ್‌ನ ಕೇಳಿ, ಪ್ಲಂಬರ್ ಬಗ್ಗೆ ಟೈಲ್ಸ್ ಹಾಕೋನ ಕೇಳಿ. ಒಬ್ಬರು ಮಾಡಿದ ಕೆಲಸಾನ ಇನ್ನೊಬ್ಬರು ಒಡೆದು ನೋಡಿರ್ತಾರೆ, ಒಳಗೆ ಏನು ತುಂಬಿದಾನೆ ಅಂತ ಮನೆ ಓನರ್‌ಗೆ ಗೊತ್ತಿರಲ್ಲ, ಇವರಿಗೆ ಗೊತ್ತಿರುತ್ತೆ. ಎರಡು ಮೂರು ಜನ ಬೇರೆ ಬೇರೆಯಾಗಿ ಒಂದೇ ಹೆಸರು ಹೇಳಿದ್ರೆ ಅವನಿಗೆ ಫೋನ್ ಮಾಡಿ.

ಫೋನಲ್ಲಿ ಮಾತಾಡಿದ ತಕ್ಷಣ ಎಲ್ಲರೂ ವಾಟ್ಸಾಪಲ್ಲಿ ಫೋಟೋ ಕಳಿಸ್ತಾರೆ, ಮಿಂಚೋ ಟೈಲ್ಸು, ಹೊಸ ಕಮೋಡು. ಆ ಫೋಟೋಗಳಿಗೆ ಬೆಲೆ ಕೊಡ್ಬೇಡಿ. ಹೊಸದಾಗಿ ಹಾಕಿದ ಬಾತ್‌ರೂಮ್ ಎಲ್ಲಾದ್ದೂ ಚೆನ್ನಾಗೇ ಕಾಣುತ್ತೆ. ಕೇಳಬೇಕಾದ್ದು "ಎರಡು ಮಳೆಗಾಲ ದಾಟಿರೋ ನಿಮ್ಮ ಕೆಲಸ ಒಂದು ತೋರ್ಸಿ" ಅಂತ. ತೋರಿಸೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿಗೇ ಬಿಟ್ಬಿಡಿ. ಕರ್ಕೊಂಡು ಹೋದ್ರೆ ಅಪ್ಪಾಜಿ ಮಾಡ್ಬೇಕಾದ್ದು ಇಷ್ಟೇ: ನೆಲಕ್ಕೆ ಒಂದು ಬಕೆಟ್ ನೀರು ಹುಯ್ದು ಸೀದಾ ಜಾಲರಿ ಕಡೆ ಹೋಗುತ್ತಾ ಮೂಲೇಲಿ ನಿಲ್ಲುತ್ತಾ ನೋಡೋದು, ಅಂದ್ರೆ ವಾಟ (ನೀರು ಹರಿಯೋ ಇಳಿಜಾರು) ಸರಿ ಕೊಟ್ಟಿದಾನಾ ಅಂತ. ಆಮೇಲೆ ಒಂದು ನಾಣ್ಯದಲ್ಲಿ ಟೈಲ್ಸ್ ತಟ್ಟೋದು, ಟೊಳ್ಳು ಸದ್ದು ಬಂದ್ರೆ ಅಡಿಯಲ್ಲಿ ಸಿಮೆಂಟ್ ಮಾಲು ಪೂರ್ತಿ ತುಂಬಿಲ್ಲ. ಕೊನೇಗೆ ಆ ಬಾತ್‌ರೂಮಿನ ಹೊರಗೋಡೆ, ಕೆಳಗಿನ ಸೀಲಿಂಗು. ಜೊತೆಗೆ ಆ ಮನೆ ಹೆಂಗಸರನ್ನ ಮಾತಾಡಿಸೋದು ಮರೀಬೇಡಿ, ಕೆಲಸದೋರು ಸಂಜೆ ಗುಡಿಸಿ ಹೋಗ್ತಿದ್ರಾ, ಮಧ್ಯದಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಓಡಿದ್ರಾ ಅನ್ನೋದು ಅವರು ಹೇಳಿದಷ್ಟು ಕರೆಕ್ಟಾಗಿ ಯಾರೂ ಹೇಳಲ್ಲ.

ಇನ್ನು ನಿಮ್ಮ ಸೋರಿಕೆ ವಿಷಯ, ಇದನ್ನೇ ಪರೀಕ್ಷೆ ಮಾಡ್ಕೊಳ್ಳಿ. ಮೇಸ್ತ್ರಿ ಬಂದು ನೋಡಿದ ತಕ್ಷಣ "ಪೂರ್ತಿ ಒಡೀಬೇಕು ಸಾರ್" ಅಂದ್ರೆ ಅವನು ಬೇಡ. ಒಳ್ಳೆಯವನು ಮೊದಲು ಕೇಳೋದು, ನೀರು ಯಾವಾಗ್ಲೂ ಇಳಿಯುತ್ತಾ ಅಥವಾ ಸ್ನಾನ ಮಾಡಿದ ಮೇಲೆ ಮಾತ್ರಾನಾ ಅಂತ. ಯಾವಾಗ್ಲೂ ಒದ್ದೆ ಇದ್ರೆ ಅನುಮಾನ ಗೋಡೆ ಒಳಗಿನ ಪೈಪ್ ಮೇಲೆ, ಆ ಕಾಲದ ಮನೆಗಳಲ್ಲಿ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಇರ್ತಿತ್ತು, ಒಳಗೆ ತುಕ್ಕು ಹಿಡಿದು ತೂತಾಗಿರುತ್ತೆ, ನಲ್ಲೀಲಿ ಪ್ರೆಷರ್ ಕಮ್ಮಿ ಆಗಿರೋದೂ ಅದಕ್ಕೇ ಇರ್ಬಹುದು. ಹಾಗಿದ್ರೆ ಸಿಪಿವಿಸಿ ಪೈಪ್ (ಬಿಸಿನೀರೂ ತಡೆಯೋ ಪ್ಲಾಸ್ಟಿಕ್ ಪೈಪ್) ಎಳೆಸಿ, ಟೈಲ್ಸ್ ಹಾಕೋ ಮುಂಚೆ ಪಂಪ್ ಇಟ್ಟು ಪ್ರೆಷರ್ ಟೆಸ್ಟ್ ಮಾಡಿಸಿ. ಸ್ನಾನ ಆದ್ಮೇಲೆ ಮಾತ್ರ ಇಳಿದ್ರೆ ನೆಲದ ಜಾಯಿಂಟು, ನಾನಿ ಟ್ರ್ಯಾಪ್ (ನೆಲದ ಜಾಲರಿ ಕೆಳಗೆ ಕೂರಿಸೋ ಡಬ್ಬಿ) ಸುತ್ತ, ಇಲ್ಲಾ ವಾಟರ್‌ಪ್ರೂಫಿಂಗ್ ಹೋಗಿದೆ. ಅದನ್ನ ಹೊಸದಾಗಿ ಮಾಡಿದ ಮೇಲೆ ಔಟ್‌ಲೆಟ್ ಮುಚ್ಚಿ ನೀರು ತುಂಬಿಸಿ 48 ಗಂಟೆ ಬಿಡ್ಬೇಕು, ಕೆಳಗೆ ಒಂದು ಹನಿ ಕಾಣದಿದ್ರೆ ಮಾತ್ರ ಟೈಲ್ಸ್. "ಅದೆಲ್ಲಾ ಬೇಡ ಸಾರ್, ನಾನು ಗ್ಯಾರಂಟಿ" ಅಂತಾರೆ, ಆ ಬಾಯಿಮಾತಿನ ಗ್ಯಾರಂಟಿ ಯಾವ ಅಂಗಡೀಲೂ ನಡೆಯಲ್ಲ.

ಇನ್ನು ರೇಟ್ ವಿಷಯ. ಅಂಕಿ ಹೇಳೋದ್ರಲ್ಲಿ ಅರ್ಥ ಇಲ್ಲ, ಏರಿಯಾಗೊಂದು ರೇಟು. ಆದ್ರೆ ನಿಮಗೆ ನನ್ನ ಸಲಹೆ ಲೇಬರ್ ಕಾಂಟ್ರಾಕ್ಟ್ ಕೊಡಿ, ಅಂದ್ರೆ ಅವರಿಗೆ ಕೂಲಿ ಮಾತ್ರ, ಸಾಮಾನು ನೀವೇ ತರಿಸಿ. ದೂರದಿಂದ ಅಂಗಡಿಗೆ ಯುಪಿಐ ಮಾಡಿದ್ರೆ ಬಿಲ್ ನಿಮ್ಮ ಹೆಸರಲ್ಲೇ ಇರುತ್ತೆ. ಸಾಮಾನು ಸಮೇತ ಅಂತ ಒಪ್ಕೊಂಡ್ರೆ ಸಿಮೆಂಟ್ ಯಾವ ಬ್ರಾಂಡು, ಪ್ಲಾಸ್ಟರಿಂಗ್‌ಗೆ ಪಿ ಸ್ಯಾಂಡ್ (ಪ್ಲಾಸ್ಟರಿಂಗ್‌ಗೇ ಅಂತ ಮಾಡೋ ನುಣುಪು ಮರಳು) ಹಾಕ್ತಾನಾ, ಕಲ್ಲು ಪುಡಿ ಮಾಡಿ ತಯಾರಿಸೋ ದಪ್ಪ ಎಂ ಸ್ಯಾಂಡಲ್ಲೇ ಮುಗಿಸ್ತಾನಾ, ಪೈಪ್ ಯಾವ ಕಂಪನಿ ಅಂತ ಎಲ್ಲಾ ಬರೆಸಿಕೊಂಡು ಕೂರ್ಬೇಕು. ಲೇಬರ್ ಆದ್ರೂ ಒಂದು ಹಾಳೇಲಿ ಬರ್ಕೊಳ್ಳಿ: ಒಡೆದ ಮಣ್ಣು ಕಲ್ಲು ಯಾರು ಸಾಗಿಸ್ಬೇಕು (ಜಗಳ ಬರೋದೇ ಇಲ್ಲಿ, ಟ್ರ್ಯಾಕ್ಟರ್ ಬಾಡಿಗೆ ಯಾರ ತಲೆ ಮೇಲೆ ಅಂತ), ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ಸ್ ಪಟ್ಟಿ) ಚದರಡಿ ಲೆಕ್ಕಾನಾ ರನ್ನಿಂಗ್ ಫೀಟ್ ಅಂದ್ರೆ ಉದ್ದದ ಅಡಿ ಲೆಕ್ಕಾನಾ, ಕಿಟಕಿ ಬಾಗಿಲಿನ ಜಾಗ ಅಳತೇಲಿ ಕಳೀತಾರಾ ಇಲ್ವಾ. ಫೋಟೋ ತೆಗೆದು ಇಬ್ಬರ ವಾಟ್ಸಾಪಲ್ಲೂ ಇರ್ಲಿ.

ದುಡ್ಡು ಹೇಗೆ ಕೊಡ್ತೀರಿ ಅನ್ನೋದು ಮೇಸ್ತ್ರಿ ಯಾರು ಅನ್ನೋದರಷ್ಟೇ ಮುಖ್ಯ. ನನ್ನ ಲೆಕ್ಕ, ಅಡ್ವಾನ್ಸ್ ನೂರಕ್ಕೆ 10, ಆಮೇಲೆ ಪ್ರತಿ ಶನಿವಾರ ಬಟವಾಡೆ, ಅದೂ ಆ ವಾರ ಆದ ಕೆಲಸದಷ್ಟಕ್ಕೆ, ಕೊನೇ 10 ಎಲ್ಲಾ ಮುಗಿದು ಒಂದು ತಿಂಗಳು ಬಾತ್‌ರೂಮ್ ಬಳಸಿದ ಮೇಲೆ. ನಮ್ಮ ಬೀದೀಲಿ ಒಬ್ರು ಅರ್ಧಕ್ಕರ್ಧ ಮೊದಲೇ ಕೊಟ್ಟು, ಮೇಸ್ತ್ರಿ ಯಾವುದೋ ದೊಡ್ಡ ಸೈಟಿಗೆ ಹೋಗಿ, ಗೋಡೆ ಒಡೆದ ಸ್ಥಿತೀಲೇ ಹಬ್ಬ ಮಾಡಿದ್ರು. ಹಾಗಂತ ಬಟವಾಡೆ ತಡ ಮಾಡೋದೂ ಬೇಡ, ಅವನು ತನ್ನ ಆಳುಗಳಿಗೆ ಅವತ್ತೇ ಕೊಡ್ಬೇಕು, ಇಲ್ಲದಿದ್ರೆ ಸೋಮವಾರ ಯಾರೂ ಬರಲ್ಲ. ಹತ್ತೂವರೆ ಹನ್ನೊಂದರ ಟೀ ಅಮ್ಮ ಕೊಟ್ರೆ ಒಳ್ಳೇದು, ಇದು ನನ್ನ ಹೆಂಡತಿ ಸೇರಿಸೋಕೆ ಹೇಳಿದ್ದು.

ಎಲೆಕ್ಟ್ರಿಷಿಯನ್ ವಿಷಯದಲ್ಲಿ ಮಾತ್ರ ಬಾಯಿಮಾತಿನ ಶಿಫಾರಸು ಸಾಕಾಗಲ್ಲ. ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರೋರನ್ನೇ ಹಿಡೀರಿ, ಚೆಸ್ಕಾಂನಲ್ಲಿ (ಮೈಸೂರಿಗೆ ಕರೆಂಟ್ ಕೊಡೋ ಕಂಪನಿ) ಲೋಡ್ ಜಾಸ್ತಿ ಮಾಡಿಸೋ ಅರ್ಜಿಗೂ ಹೇಗಿದ್ರೂ ಅಂಥವರೇ ಬೇಕಾಗ್ತಾರೆ. ಬಂದವನನ್ನ ಕೇಳಿ, ಗೀಸರ್‌ಗೆ ಯಾವ ವೈರ್ ಎಳೀತೀಯಪ್ಪಾ ಅಂತ. 4 ಸ್ಕ್ವೇರ್ ಎಂಎಂ ಅಂದ್ರೆ ಸರಿ, ಪವರ್ ಪಾಯಿಂಟಿಗೆ 2.5, ಲೈಟಿಗೆ 1.5. ಅರ್ತಿಂಗ್ ಚೆಕ್ ಮಾಡ್ಸಿ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕ್ಸಿ, ವಯಸ್ಸಾದವರಿರೋ ಮನೆ.

ಟೈಮಿಂಗ್: ಆಷಾಢದಲ್ಲಿ ನಮ್ಮ ಕಡೆ ಗೃಹಪ್ರವೇಶ, ಗುದ್ದಲಿ ಪೂಜೆ ಎಲ್ಲಾ ನಿಂತಿರುತ್ತೆ, ಒಳ್ಳೇ ಮೇಸ್ತ್ರಿಗಳು ಸ್ವಲ್ಪ ಫ್ರೀ ಸಿಗ್ತಾರೆ, ರಿಪೇರಿಗೆ ಯಾವ ಮುಹೂರ್ತ ಬೇಕು ಹೇಳಿ. ಬಾತ್‌ರೂಮ್, ಅಡುಗೆಮನೆ ಎಲ್ಲಾ ಒಳಗಿನ ಕೆಲಸ, ಮಳೆ ಅಡ್ಡ ಬರಲ್ಲ. ಆಗ ಒಂದು ವಾರ ವರ್ಕ್ ಫ್ರಮ್ ಹೋಮ್ ತಗೊಂಡು ಬನ್ನಿ, ಒಡೆಯೋ ದಿನ ಮತ್ತೆ ನೀರು ತುಂಬಿಸಿ ಟೆಸ್ಟ್ ಮಾಡೋ ದಿನ ನೀವಿದ್ರೆ ಸಾಕು, ಮಿಕ್ಕಿದ್ದು ವಿಡಿಯೋ ಕಾಲಲ್ಲಿ ಆಗುತ್ತೆ. ಪೇಂಟಿಂಗ್ ಮಾತ್ರ ಇದರ ಜೊತೆಗೇ ಮುಗಿದುಹೋಗ್ಲಿ ಅಂತ ಸೇರಿಸ್ಬೇಡಿ. ಗೋಡೆ ತೇವ ಆರದೇ ಪುಟ್ಟಿ ಹಚ್ಚಿದ್ರೆ ಹಪ್ಪಳದ ಥರ ಎದ್ದು ಬರುತ್ತೆ. ದಸರಾ ದೀಪಾವಳಿ ಮುಂಚೆ ಪೇಂಟರ್‌ಗಳು ಕೈಗೇ ಸಿಗಲ್ಲ, ಡಿಸೆಂಬರ್ ಜನವರಿಗೆ ಈಗಲೇ ಹೇಳಿಟ್ಟಿರಿ.