ನೋಡದೇ ಹಾಕಿದ ಸಹಿಗೆ ಬೆಲೆ ಇಲ್ಲ

ಓದುಗರ ಪ್ರಶ್ನೆ, ಡಾಕ್ಟರ್ ಮೇಡಂ ಉತ್ತರ

ಎಂಬಿಬಿಎಸ್ ಓದು ಹೇಗೆ ಬದಲಾಗಿದೆ ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದಾರೆ, ಊರಷ್ಟೇ ಹಾಕಿದ್ದೇನೆ. ನಾನು ವಿಜಯಪುರದಲ್ಲಿ ಜನರಲ್ ಮೆಡಿಸಿನ್ ಕಲಿಸಿ ನಿವೃತ್ತಳಾದವಳು. ಉತ್ತರವೆಲ್ಲ ವಾರ್ಡಿನಿಂದಲೇ ಬಂದದ್ದು.

ಪ್ರಶ್ನೆ: ಮೇಡಂ, ನಾನು ಎಂಬಿಬಿಎಸ್ ಮೂರನೇ ವರ್ಷ. ಲಾಗ್‌ಬುಕ್ (ಕಲಿತ ಕೆಲಸಗಳನ್ನು ಬರೆದು ಶಿಕ್ಷಕರ ಸಹಿ ಪಡೆಯುವ ಪುಸ್ತಕ) ತುಂಬಿಸುವುದೇ ದೊಡ್ಡ ಕೆಲಸ ಆಗಿದೆ. ಒಂದು ವಿಭಾಗದ ವಾರ್ಡಿನ ಪೋಸ್ಟಿಂಗ್ ಮುಗಿಯುವಾಗ ಎಲ್ಲರ ಪುಸ್ತಕ ಒಟ್ಟುಮಾಡಿ ಇಡುತ್ತೇವೆ, ಒಂದೇ ಸಮನೆ ಸಹಿ ಬೀಳುತ್ತದೆ. ನಾನು ರೋಗಿಯನ್ನು ಪರೀಕ್ಷೆ ಮಾಡಿದ್ದನ್ನು ಯಾರೂ ನೋಡಿಲ್ಲ. ಇದರಿಂದ ಏನು ಉಪಯೋಗ?
(ವಿದ್ಯಾರ್ಥಿ, ಊರು ಗುಳೇದಗುಡ್ಡ, ಓದುವುದು ಬೇರೆ ಕಡೆ)

ಉತ್ತರ: ತಮ್ಮಾ, ನೋಡದೇ ಹಾಕಿದ ಸಹಿಗೆ ಬೆಲೆ ಇಲ್ಲ. ಇದನ್ನು ನೇರವಾಗಿಯೇ ಹೇಳುತ್ತೇನೆ. ಆದರೆ ಲಾಗ್‌ಬುಕ್ ಯಾಕೆ ಬಂತು ಅನ್ನೋದನ್ನು ತಿಳಿದುಕೋ, ಆಗ ಅದನ್ನು ನಿನ್ನ ಉಪಯೋಗಕ್ಕೆ ತಿರುಗಿಸಿಕೊಳ್ಳಬಹುದು.

2019ರಲ್ಲಿ ನಮ್ಮ ದೇಶದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. ಎಷ್ಟು ಗಂಟೆ ಪಾಠ ಕೇಳಿದ ಅನ್ನೋದು ಸಾಲದು, ಏನು ಮಾಡಬಲ್ಲ ಅನ್ನೋದನ್ನು ನೋಡಬೇಕು ಎಂದು ಅದು ಹೇಳಿತು. ನಿಮ್ಮ ಪಟ್ಟಿಯಲ್ಲಿ ಪ್ರತಿ ಸಾಮರ್ಥ್ಯದ ಪಕ್ಕ ಕೆ, ಕೆಎಚ್, ಎಸ್‌ಎಚ್, ಪಿ ಎಂದು ಇರುತ್ತದೆ ಅಲ್ವಾ? ಗೊತ್ತಿದೆ, ಹೇಗೆ ಮಾಡೋದು ಅಂತ ಗೊತ್ತಿದೆ, ಮಾಡಿ ತೋರಿಸುತ್ತಾನೆ, ತಾನೇ ಮಾಡುತ್ತಾನೆ. ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಶಿಕ್ಷಕರು 1990ರಲ್ಲಿ ಈ ನಾಲ್ಕು ಮೆಟ್ಟಿಲುಗಳ ಬಗ್ಗೆ ಬರೆದರು. ಕೆಳಗಿನ ಎರಡನ್ನು ಕಾಗದದ ಮೇಲೆ ಪರೀಕ್ಷೆ ಮಾಡಬಹುದು. ಮೇಲಿನ ಎರಡಕ್ಕೆ ಪಕ್ಕದಲ್ಲಿ ನಿಂತು ನೋಡುವ ಒಬ್ಬರು ಬೇಕೇ ಬೇಕು.

ಬಿಪಿ ನೋಡುವುದನ್ನೇ ತಗೋ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪಟಪಟ ಉತ್ತರ ಹೇಳುವ ಹುಡುಗಿ ಒಬ್ಬಳು ನನ್ನ ಯೂನಿಟ್‌ನಲ್ಲಿದ್ದಳು. ಸಿಂದಗಿ ಕಡೆಯ ಅಜ್ಜಿ ಒಬ್ಬರು ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದರು. ಮಂಚದ ಅಂಚಿಗೆ ಕೂತಿದ್ದರು, ಬೆನ್ನಿಗೆ ಆಸರೆ ಇಲ್ಲ, ಕಾಲು ಜೋತು ಬಿದ್ದಿವೆ. ಹುಡುಗಿ ಕುಪ್ಪಸದ ತೋಳಿನ ಮೇಲೇ ಪಟ್ಟಿ ಸುತ್ತಿದಳು. ಕೈ ತೊಡೆಯ ಮೇಲೆ ಇತ್ತು. ನಾಡಿ ಹಿಡಿಯದೇ ನೇರ 200ಕ್ಕೆ ಏರಿಸಿ, ಗಾಳಿಯನ್ನು ಬುಸ್ ಎಂದು ಬಿಟ್ಟು, ಒಂದು ಸಂಖ್ಯೆ ಬರೆದಳು. ಅಜ್ಜಿ "ಕೈ ಹರಿದು ಹೋದಂಗ ಆತಲ್ಲವ್ವಾ" ಅಂದರು. ಅದು ಅವಳ ಕಿವಿಗೆ ಬೀಳಲಿಲ್ಲ.

ನಾನು ಬೈಯಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಐದು ನಿಮಿಷ ಕೂರಿಸು. ಬೆನ್ನಿಗೆ ಆಸರೆ ಕೊಡು, ಕಾಲು ನೆಲಕ್ಕೆ ಊರಲಿ. ತೋಳು ಬಿಡಿಸು, ಕೈಯನ್ನು ಎದೆಮಟ್ಟಕ್ಕೆ ಮೇಜಿನ ಮೇಲೆ ಇಡು. ಮೊದಲು ನಾಡಿ ಹಿಡಿದು ಪಟ್ಟಿಗೆ ಗಾಳಿ ಏರಿಸು, ನಾಡಿ ಎಷ್ಟಕ್ಕೆ ನಿಲ್ಲುತ್ತದೆ ನೋಡು. ಅದಕ್ಕಿಂತ 20–30 ಮಿಲಿಮೀಟರ್ ಮೇಲೆ ಏರಿಸು, ಸೆಕೆಂಡಿಗೆ 2–3 ಮಿಲಿಮೀಟರಿನಂತೆ ಇಳಿಸು. ಕೈ ಬಿಗಿಯುತ್ತದೆ ಎಂದು ಅಜ್ಜಿಗೆ ಮೊದಲೇ ಹೇಳು. ಅವಳು ಹಾಗೇ ಮಾಡಿದಳು. ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ಎಷ್ಟೋ ಕಡಿಮೆ ಬಂತು. ಮೊದಲನೆಯದನ್ನೇ ನಂಬಿದ್ದರೆ ಅಜ್ಜಿಯ ಮಾತ್ರೆ ಸುಮ್ನೆ ಜಾಸ್ತಿ ಆಗುತ್ತಿತ್ತು. ಇಷ್ಟೆಲ್ಲ ಆ ಹುಡುಗಿಗೆ ಪುಸ್ತಕದಲ್ಲಿ ಗೊತ್ತೇ ಇತ್ತು. ಯಾರೂ ನಿಂತು ನೋಡಿರಲಿಲ್ಲ, ಅಷ್ಟೇ.

ಈಗ ನೀನು ಮಾಡಬೇಕಾದದ್ದು. ವಾರಕ್ಕೊಮ್ಮೆ ಒಬ್ಬ ರೋಗಿಯನ್ನು ಆರಿಸಿಕೊಂಡು ನಿಮ್ಮ ಸರ್ ಹತ್ತಿರ ಹೋಗಿ ಕೇಳು: "ಸರ್, ಇವರ ಹೊಟ್ಟೆ ಪರೀಕ್ಷೆ ಮಾಡ್ತೀನಿ, ಸ್ವಲ್ಪ ನಿಂತು ನೋಡಿ ಏನು ತಪ್ಪಾಯ್ತು ಹೇಳ್ತೀರಾ?" ಇದಕ್ಕೆ ಮಿನಿ ಸಿಇಎಕ್ಸ್ ಎಂಬ ಪದ್ಧತಿಯೇ ಇದೆ. ಹದಿನೈದು ನಿಮಿಷ ನೋಡುವುದು, ಐದು ನಿಮಿಷ ಮಾತಾಡುವುದು. ಒಲ್ಲೆ ಅನ್ನುವ ಶಿಕ್ಷಕರು ಕಡಿಮೆ, ಕೇಳುವ ವಿದ್ಯಾರ್ಥಿಗಳೇ ಕಡಿಮೆ. ಅವರು ಹೇಳಿದ್ದನ್ನು ಲಾಗ್‌ಬುಕ್‌ನಲ್ಲಿ ನಿನ್ನ ಮಾತಿನಲ್ಲೇ ಎರಡು ಸಾಲು ಬರಿ. "ಯಕೃತ್ತು ಮುಟ್ಟಿ ನೋಡುವಾಗ ಮೇಲಿನಿಂದ ಶುರು ಮಾಡಿದೆ, ಕೆಳಗಿನಿಂದ ಶುರು ಮಾಡಬೇಕು" ಅಂತ. ತಾರೀಖು ಮತ್ತು ಸಹಿಗಿಂತ ಆ ಎರಡು ಸಾಲು ದೊಡ್ಡವು.

ಇದನ್ನು ಓದುವ ಶಿಕ್ಷಕರಿಗೂ ಒಂದು ಮಾತು. ಹದಿನೈದು ಹುಡುಗರನ್ನು ಒಂದೇ ದಿನ ನೋಡಲು ಆಗುವುದಿಲ್ಲ, ಗೊತ್ತು. ದಿನಕ್ಕೆ ಇಬ್ಬರನ್ನು ನೋಡಿ. ಉಳಿದವರ ಪುಟ ಖಾಲಿ ಇದ್ದರೆ ಇರಲಿ.

ಪ್ರಶ್ನೆ: ಡಾಕ್ಟರ್ ಮೇಡಂ, ನನ್ನ ಮಗ ಎಂಬಿಬಿಎಸ್ ಮೊದಲ ವರ್ಷ. ಕಷ್ಟಪಟ್ಟು ಸೀಟು ತಗೊಂಡಿದ್ದಾನೆ. ಪಾಠ ಬಿಡಿಸಿ ಬಸ್ಸಿನಲ್ಲಿ ಹಳ್ಳಿಗೆ ಕರೆದೊಯ್ದು ಮನೆ ಮನೆ ತಿರುಗಿಸುತ್ತಾರಂತೆ. ಇನ್ನೂ ಒಂದು ಮಾತ್ರೆ ಬರೆಯಲು ಬಾರದ ಹುಡುಗ ಅಲ್ಲಿ ಏನು ಮಾಡ್ತಾನೆ?
(ಒಬ್ಬ ತಾಯಿ, ಮುಧೋಳ)

ಉತ್ತರ: ತಾಯಿ, ನಿಮ್ಮ ಚಿಂತೆ ಅರ್ಥ ಆಗುತ್ತದೆ. ಆದರೆ ಅವನು ಪಾಠ ಬಿಟ್ಟು ಹೋಗುತ್ತಿಲ್ಲ, ಪಾಠಕ್ಕೇ ಹೋಗುತ್ತಿದ್ದಾನೆ. ಇದರ ಹೆಸರು ಕುಟುಂಬ ದತ್ತು ಕಾರ್ಯಕ್ರಮ. ಪ್ರತಿ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಕುಟುಂಬಗಳನ್ನು ಕೊಡುತ್ತಾರೆ. ಮೊದಲ ವರ್ಷದಿಂದಲೇ ಅವನು ಆ ಮನೆಗಳಿಗೆ ಹೋಗಿ ಬರುತ್ತಾನೆ. ಔಷಧ ಕೊಡುವ ಕೆಲಸ ಅವನದಲ್ಲ. ಮನೆಯಲ್ಲಿ ಯಾರಿಗೆ ಬಿಪಿ, ಯಾರಿಗೆ ಸಕ್ಕರೆ, ಬಸುರಿ ಹೆಂಗಸಿಗೆ ರಕ್ತ ಎಷ್ಟಿದೆ, ಕೂಸಿಗೆ ಯಾವ ಲಸಿಕೆ ಬಾಕಿ, ಇದನ್ನೆಲ್ಲ ಶಿಕ್ಷಕರ ಜೊತೆ ನೋಡಿ ಬರೆದುಕೊಳ್ಳುತ್ತಾನೆ.

ಇದರಲ್ಲಿ ಅವನು ಕಲಿಯುವುದು ಆಸ್ಪತ್ರೆಯೊಳಗೆ ಸಿಗುವುದಿಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಶಾಲೆ ಹುಡುಗರ ಹಲ್ಲಿನ ಮೇಲೆ ಕಂದು ಕಲೆ ಕಂಡಾಗ, ಆ ನೀರು ಎಲ್ಲಿಂದ ತರುತ್ತಾರೆ ಎಂದು ಕೇಳಿ ಆ ಬೋರ್‌ವೆಲ್ ತನಕ ನಡೆದು ಹೋದ ಹುಡುಗ ಫ್ಲೋರೋಸಿಸ್ ಪಾಠವನ್ನು ಮರೆಯುವುದಿಲ್ಲ. ಮಾತ್ರೆ ಬರೆಸಿಕೊಂಡು ಹೋದ ರೋಗಿ ಯಾಕೆ ಅರ್ಧಕ್ಕೇ ನಿಲ್ಲಿಸುತ್ತಾನೆ ಅನ್ನೋದೂ ಆ ಮನೆಯ ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತಾಗಲೇ ತಿಳಿಯುವುದು. ಅವನು ಮನೆಗೆ ಬಂದಾಗ ಆ ಕುಟುಂಬಗಳ ಬಗ್ಗೆ ಕೇಳಿ ನೋಡಿ. ಹೆಸರು ಹಿಡಿದು ಹೇಳಿದರೆ ಕಲಿಯುತ್ತಿದ್ದಾನೆ ಅಂತ ಲೆಕ್ಕ.

ಪ್ರಶ್ನೆ: ನನ್ನನ್ನು ಕಾಲೇಜಿನ ಪಠ್ಯಕ್ರಮ ಸಮಿತಿಗೆ ಹಾಕಿದ್ದಾರೆ. ವಿಷಯ, ಗಂಟೆ, ಪರೀಕ್ಷೆ ಎಲ್ಲವೂ ಮೇಲಿನಿಂದಲೇ ನಿಗದಿಯಾಗಿ ಬರುತ್ತದೆ. ನಾವು ಮಾಡುವುದು ಏನು ಉಳಿದಿದೆ? ಎಲ್ಲಿಂದ ಶುರು ಮಾಡಲಿ?
(ಸಹ ಪ್ರಾಧ್ಯಾಪಕ, ಬೆಳಗಾವಿ)

ಉತ್ತರ: ಡಾಕ್ಟರೇ, ಸಾಮರ್ಥ್ಯಗಳ ಪಟ್ಟಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಕೊಡುತ್ತದೆ, ನಿಜ. ಅವನ್ನು ಹೇಗೆ ಜೋಡಿಸುತ್ತೀರಿ ಅನ್ನೋದು ನಿಮ್ಮ ಕೈಯಲ್ಲೇ ಇದೆ. ಟೈಮ್‌ಟೇಬಲ್ ಮುಂದಿಟ್ಟುಕೊಂಡು ಶುರು ಮಾಡಬೇಡಿ. ಹಾಗೆ ಮಾಡಿದರೆ ಯಾವ ವಿಭಾಗಕ್ಕೆ ಎಷ್ಟು ಗಂಟೆ ಅನ್ನೋ ವಾದದಲ್ಲೇ ಮೀಟಿಂಗ್ ಮುಗಿಯುತ್ತದೆ. ಕ್ಯಾಶುವಾಲ್ಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿನಿಂದ ಶುರು ಮಾಡಿ. ಅಲ್ಲಿಗೆ ಯಾರು ಬರುತ್ತಾರೆ? ಓದು ಮುಗಿಸಿ ತರಬೇತಿಗೆ ಬಂದ ಇಂಟರ್ನ್ ಮೊದಲ ರಾತ್ರಿ ಅವರಿಗೆ ಏನು ಮಾಡಬೇಕು? ಅದನ್ನು ಬರೆದುಕೊಂಡು ಹಿಂದಕ್ಕೆ ಬನ್ನಿ.

ಒಂದು ಉದಾಹರಣೆ ಕೊಡುತ್ತೇನೆ. ಬಸವನ ಬಾಗೇವಾಡಿ ಕಡೆಯ ರೈತ. ಮಧ್ಯಾಹ್ನವೆಲ್ಲ ಹೊಲಕ್ಕೆ ಕೀಟನಾಶಕದ ಎಣ್ಣೆ ಹೊಡೆದಿದ್ದಾನೆ, ಮಾಸ್ಕ್ ಇಲ್ಲ, ಕೈಗವಸು ಇಲ್ಲ. ಸಂಜೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯಲ್ಲಿ ಗೊರಗೊರ. ಇಂಟರ್ನ್ ತಾನು ಕೈಗವಸು ಹಾಕಿಕೊಂಡು ಅವನ ಬಟ್ಟೆ ತೆಗೆಸಬೇಕು, ಸೋಪು ನೀರಲ್ಲಿ ಮೈ ತೊಳೆಸಬೇಕು, ಬಾಯಿ ಸ್ವಚ್ಛ ಮಾಡಿ ಆಕ್ಸಿಜನ್ ಕೊಡಬೇಕು. ಸೀನಿಯರ್‌ಗೆ ಫೋನ್ ಹೋಗಬೇಕು. ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಶುರುವಾಗಬೇಕು. ಎದೆ ತಿಳಿಯಾಗದಿದ್ದರೆ ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿ ಆಗಬೇಕು. ಪ್ರತಿ ಸಲ ಸ್ಟೆತ್ ಇಟ್ಟು ಎದೆ ಕೇಳಬೇಕು, ನಾಡಿ, ಬಿಪಿ ನೋಡಬೇಕು.

ಈಗ ಹಿಂದಕ್ಕೆ ಬನ್ನಿ. ಮೊದಲ ವರ್ಷದಲ್ಲಿ ಫಿಸಿಯಾಲಜಿಯವರು ಅಸಿಟೈಲ್‌ಕೋಲಿನ್ (ನರಗಳು ಸಂದೇಶ ದಾಟಿಸುವ ರಾಸಾಯನಿಕ) ಪಾಠ ಮಾಡುವಾಗಲೇ ಈ ರೈತನ ಕಥೆ ಹೇಳಲಿ. ಎರಡನೇ ವರ್ಷ ಫಾರ್ಮಕಾಲಜಿಯವರು ಅಟ್ರೋಪಿನ್ ಪಾಠಕ್ಕೆ ಅದೇ ರೈತನನ್ನು ಕರೆತರಲಿ. ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋಲೀಗಲ್ ಕೇಸ್ ಬರೆಯುವುದನ್ನು ಫೋರೆನ್ಸಿಕ್‌ನವರು ಕಲಿಸಲಿ. ಡಬ್ಬಿಯ ಮೇಲಿನ ಬಣ್ಣದ ಗುರುತು ಏನು ಹೇಳುತ್ತದೆ, ರೈತರಿಗೆ ಮಾಸ್ಕ್ ಯಾಕೆ ಮುಟ್ಟುತ್ತಿಲ್ಲ, ಇದು ಕಮ್ಯುನಿಟಿ ಮೆಡಿಸಿನ್ ಪಾಲಿಗೆ ಬರಲಿ. ವಿಷವನ್ನು ಬೇಕೆಂದೇ ಕುಡಿದಿರಲೂಬಹುದು; ಅದಕ್ಕೇ ರೋಗಿ ಸುಧಾರಿಸಿದ ಮೇಲೆ ಮನೆಯವರನ್ನು ಹೊರಗೆ ಕೂರಿಸಿ, ಮನಸ್ಸಿಗೆ ನೋವಿದೆಯೇ ಎಂದು ಮೆಲ್ಲಗೆ ಕೇಳುವುದನ್ನು ಸೈಕಿಯಾಟ್ರಿಯವರು ಮಾಡಿ ತೋರಿಸಲಿ. ಒಬ್ಬನೇ ರೈತ ಮೂರು ನಾಲ್ಕು ವರ್ಷ ವಿದ್ಯಾರ್ಥಿಯ ಜೊತೆಗೇ ಇರುತ್ತಾನೆ. ಇಂಟಿಗ್ರೇಶನ್ (ಬೇರೆ ಬೇರೆ ವಿಭಾಗಗಳ ಪಾಠ ಜೋಡಿಸುವುದು) ಅಂತ ದಪ್ಪ ದಪ್ಪ ಕಡತ ಮಾಡುವುದಕ್ಕಿಂತ ಇಂಥ ಹತ್ತು ಹನ್ನೆರಡು ರೋಗಿಗಳನ್ನು ಆರಿಸಿಕೊಂಡರೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಹಾವು ಕಡಿತ, ಬಾಣಂತಿಯ ರಕ್ತಸ್ರಾವ, ಮಗುವಿನ ಭೇದಿ, ಎದೆನೋವು. ನಿಮ್ಮ ಆಸ್ಪತ್ರೆಯ ರಿಜಿಸ್ಟರ್ ತೆಗೆದು ನೋಡಿದರೆ ಪಟ್ಟಿ ತಾನೇ ಸಿಗುತ್ತದೆ.

ಪರೀಕ್ಷೆಯೂ ಅದಕ್ಕೆ ತಕ್ಕ ಹಾಗೆ ಇರಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ಆ ಕೀಟನಾಶಕದ ಹೆಸರು ಹಿಡಿದು "ಆರ್ಗನೋಫಾಸ್ಫರಸ್ ವಿಷ: ಟಿಪ್ಪಣಿ ಬರೆಯಿರಿ" ಎಂದು ಕೇಳಿದರೆ ಹುಡುಗರು ಗೈಡ್ ತೆಗೆದು ಬಾಯಿಪಾಠ ಮಾಡುತ್ತಾರೆ, ಅವರದ್ದೇನೂ ತಪ್ಪಿಲ್ಲ. ಹೀಗೆ ಕೇಳಿ: "ಅಟ್ರೋಪಿನ್ ಕೊಟ್ಟ ಮೇಲೆ ರೋಗಿಯ ಪಾಪೆ ದೊಡ್ಡದಾಗಿದೆ, ಎದೆಯಲ್ಲಿ ಗೊರಗೊರ ಹಾಗೇ ಇದೆ. ಮುಂದೇನು, ಯಾಕೆ?" ಪಾಪೆ ನೋಡಿ ನಿಲ್ಲಿಸಬಾರದು, ಎದೆ ತಿಳಿಯಾಗುವ ತನಕ ಮುಂದುವರಿಸಬೇಕು. ಅರ್ಥ ಮಾಡಿಕೊಂಡವನು ಮಾತ್ರ ಇದನ್ನು ಬರೆಯುತ್ತಾನೆ.

ಪ್ರಶ್ನೆ: ಮಕ್ಕಳ ವಿಭಾಗದಲ್ಲಿ ಮೊದಲ ಸಲ ಓಸ್ಕಿ ಪರೀಕ್ಷೆ ಮಾಡಿಸುವ ಜವಾಬ್ದಾರಿ ನನಗೆ ಬಂದಿದೆ. ಏನು ನೋಡಿಕೊಳ್ಳಬೇಕು?
(ಸಹಾಯಕ ಪ್ರಾಧ್ಯಾಪಕಿ, ಚಿಕ್ಕೋಡಿ)

ಉತ್ತರ: ಬೇರೆ ಓದುಗರಿಗಾಗಿ ಹೇಳುತ್ತೇನೆ: ಓಸ್ಕಿ ಅಂದರೆ ವಿದ್ಯಾರ್ಥಿ ಒಂದರ ನಂತರ ಒಂದು ಟೇಬಲ್‌ಗೆ ಹೋಗಿ, ಪ್ರತಿ ಕಡೆ ಕೆಲವೇ ನಿಮಿಷದಲ್ಲಿ ಒಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ. ರೊನಾಲ್ಡ್ ಹಾರ್ಡೆನ್ ಮತ್ತು ಅವರ ಜೊತೆಯವರು ಸ್ಕಾಟ್ಲೆಂಡಿನ ಡಂಡಿಯಿಂದ 1975ರಲ್ಲಿ ಇದನ್ನು ಪ್ರಕಟಿಸಿದರು. ಎಲ್ಲರಿಗೂ ಒಂದೇ ರೋಗಿ, ಒಂದೇ ಪ್ರಶ್ನೆ. ಅದೃಷ್ಟದ ಆಟ ಕಡಿಮೆ.

ತಂಗಿ, ಒಂದು ಸ್ಟೇಷನ್ ಹೇಳುತ್ತೇನೆ, ಉಳಿದದ್ದು ನಿನಗೇ ಹೊಳೆಯುತ್ತದೆ. ಭೇದಿ ಆಗುತ್ತಿರುವ ಒಂದು ವರ್ಷದ ಕೂಸಿನ ತಾಯಿಗೆ ಓಆರ್‌ಎಸ್ ತಿಳಿಸಿ ಹೇಳಬೇಕು. ತಾಯಿ ಪಾತ್ರಕ್ಕೆ ನಿಮ್ಮ ವಾರ್ಡಿನ ಆಯಾ ಒಬ್ಬರನ್ನು ತಯಾರು ಮಾಡು. ಅವರು ಪ್ರತಿ ವಿದ್ಯಾರ್ಥಿಗೂ ಒಂದೇ ಮಾತು ಕೇಳಲಿ: "ನಮ್ಮ ಮನ್ಯಾಗ ಲೀಟರ್ ಅಳತಿ ಇಲ್ರಿ, ಏನ್ ಮಾಡ್ಲಿ?" ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಎಂದು ಹೇಳಲು ಹೊಳೆಯಿತೇ? ಪೊಟ್ಟಣ ಪೂರ್ತಿ ಒಂದೇ ಸಲ ಕಲಸಬೇಕು, 24 ಗಂಟೆ ಆದ ಮೇಲೆ ಚೆಲ್ಲಬೇಕು ಎಂದನೇ? ಸತುವಿನ ಮಾತ್ರೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ ಎಂದನೇ? ಎದೆಹಾಲು ನಿಲ್ಲಿಸಬೇಡಿ ಎಂದನೇ? ಮುಖ್ಯವಾಗಿ, ಹೇಳಿದ್ದನ್ನು ತಾಯಿಯ ಬಾಯಿಂದ ಮತ್ತೆ ಹೇಳಿಸಿದನೇ?

ಚೆಕ್‌ಲಿಸ್ಟ್ ಮಾಡುವಾಗ "ನಮಸ್ಕಾರ ಹೇಳಿದ, ಒಂದು ಅಂಕ" ಎಂಬಂಥ ಸಾಲುಗಳನ್ನು ತುಂಬಬೇಡ. ಹುಡುಗರು ಅವನ್ನು ಮೊದಲೇ ಪಾಠ ಮಾಡಿಕೊಂಡು ಬಂದು, ತಾಯಿಯ ಮುಖ ನೋಡದೇ ಒಪ್ಪಿಸುತ್ತಾರೆ. ಕೊನೆಗೆ ಒಂದು ಒಟ್ಟಾರೆ ಅಂಕವೂ ಇರಲಿ: ಈ ತಾಯಿ ಮನೆಗೆ ಹೋಗಿ ಸರಿಯಾಗಿ ಮಾಡುತ್ತಾಳೆಯೇ? ಇನ್ನೊಂದು, ಸ್ಟೇಷನ್ ಸಂಖ್ಯೆ ಕಡಿಮೆ ಮಾಡಬೇಡ. ಒಂದು ಕೇಸ್ ಚೆನ್ನಾಗಿ ಮಾಡಿದವನು ಮುಂದಿನದನ್ನೂ ಚೆನ್ನಾಗಿ ಮಾಡುತ್ತಾನೆ ಎನ್ನಲು ಆಗುವುದಿಲ್ಲ. ಇಪ್ಪತ್ತು ನಿಮಿಷದ ಎರಡು ಕೇಸಿಗಿಂತ ಐದು ನಿಮಿಷದ ಎಂಟು ಕೇಸ್ ಹೆಚ್ಚು ನಂಬಬಹುದು.

ಪ್ರಶ್ನೆ: ಥಿಯರಿಯಲ್ಲಿ ಒಳ್ಳೆಯ ಅಂಕ, ಕೈಕೆಲಸವೂ ಚೆನ್ನಾಗಿದೆ. ಆದರೆ ಬಡ ರೋಗಿಗಳ ಮೇಲೆ ಕಿರುಚುತ್ತಾನೆ, ನರ್ಸ್‌ಗಳಿಗೆ ಏಕವಚನ. ಇಂಥವನನ್ನು ಪಾಸು ಮಾಡಬೇಕೇ?
(ಶಿಕ್ಷಕಿ, ಅಥಣಿ)

ಉತ್ತರ: ನಡತೆ, ನೀತಿ, ಸಂವಹನ ಕಲಿಸಲು ಏಟ್‌ಕಾಮ್ ಎಂಬ ಭಾಗವನ್ನೇ ಪಠ್ಯಕ್ರಮದಲ್ಲಿ ಇಟ್ಟಿದ್ದಾರೆ. ಅದನ್ನು ಒಂದು ತರಗತಿ, ಒಂದು ಪ್ರಬಂಧಕ್ಕೆ ಮುಗಿಸಿಬಿಟ್ಟರೆ ಈ ಹುಡುಗ ಅದರಲ್ಲೂ ಚೆನ್ನಾಗಿಯೇ ಬರೆಯುತ್ತಾನೆ.

ನೀವು ಇಂದೇ ಶುರು ಮಾಡಿ. "ನಡತೆ ಸರಿ ಇಲ್ಲ" ಎಂದು ಬರೆಯಬೇಡಿ, ಅದು ನಿಲ್ಲುವುದಿಲ್ಲ. ತಾರೀಖು, ವಾರ್ಡು, ಆಡಿದ ಮಾತು ಹಾಗೇ ಬರೆಯಿರಿ. ವಾರ್ಡ್ ಸಿಸ್ಟರ್, ಆಯಾ, ಜೊತೆಗಾರರು, ಇವರನ್ನೂ ಬೇರೆ ಬೇರೆಯಾಗಿ ಕೇಳಿ. ಅವನು ನಿಮ್ಮೆದುರು ಚೆನ್ನಾಗಿದ್ದು ಅವರ ಮುಂದೆ ಹಾಗಿರಲಿಕ್ಕಿಲ್ಲ. ನಂತರ ಒಬ್ಬನನ್ನೇ ಕೂರಿಸಿ ಬರೆದದ್ದನ್ನು ಓದಿ ಹೇಳಿ, ಅವನ ಮಾತನ್ನೂ ಕೇಳಿ. ನಿದ್ದೆ ಇಲ್ಲದೆ, ಮನೆಯ ಕಷ್ಟದಲ್ಲಿ ಹಾಗೆ ಆಡುವವರೂ ಇದ್ದಾರೆ. ಅವರಿಗೆ ನೆರವು ಬೇಕು, ಕೊಡಿ. ಒಬ್ಬ ಒಳ್ಳೆಯ ಶಿಕ್ಷಕರ ಜೊತೆ ಹಾಕಿ, ಪ್ರತಿ ವಾರ ಒಬ್ಬ ರೋಗಿಯ ಜೊತೆ ಅವನು ಮಾತಾಡುವುದನ್ನು ಅವರು ನೋಡಲಿ.

ಅಷ್ಟಾದರೂ ಬದಲಾಗದಿದ್ದರೆ ಇಂಟರ್ನ್‌ಶಿಪ್‌ಗೆ ಮುಂಚೆಯೇ ಕಾಲೇಜಿನ ಸಮಿತಿಯ ಮುಂದೆ ಇಡಿ, ಸಂವಹನದ ಸಾಮರ್ಥ್ಯಕ್ಕೆ ಸಹಿ ಹಾಕಬೇಡಿ. ಬೇರೆ ಎಲ್ಲದರಲ್ಲಿ ಎಷ್ಟೇ ಅಂಕ ಇರಲಿ. ಒತ್ತಡ ಬರುತ್ತದೆ, ಫೋನ್‌ಗಳು ಬರುತ್ತವೆ. ನಿಮ್ಮ ಹತ್ತಿರ ತಾರೀಖು ಸಮೇತ ಬರೆದ ಹಾಳೆಗಳಿದ್ದರೆ ನಿಲ್ಲಲು ಆಗುತ್ತದೆ.